ಏನೂ ನಡೆಯದ ರೈಲು ಪ್ರಯಾಣದ ಕಾರ್ಯಕ್ರಮಗಳನ್ನು ಬಿಟ್ಟೇಳಲು ಮನಸ್ಸಾಗದೇಕೆ?

ಸರಸ್ವತೀಪುರಂ ಓದುಗ, ಮೈಸೂರು

ಸದಸ್ಯರೆಲ್ಲರಿಗೂ ನಮಸ್ಕಾರ. ರಾತ್ರಿ ವಾರ್ತೆ ನೋಡುತ್ತಿದ್ದ ಹೊತ್ತಿನಲ್ಲಿ ಈಗ ನಮ್ಮ ಮನೆಯಲ್ಲಿ ರೈಲು ಪ್ರಯಾಣದ ಕಾರ್ಯಕ್ರಮಗಳು ನಡೆಯುತ್ತವೆ. ಅವುಗಳಲ್ಲಿ ಕಥೆಯಿಲ್ಲ, ಜಗಳವಿಲ್ಲ, ಮುಂದೇನಾಗುವುದೋ ಎಂಬ ಆತಂಕವಂತೂ ಇಲ್ಲವೇ ಇಲ್ಲ. ಆದರೂ ಊಟ ಮುಗಿಸಿ ಒಮ್ಮೆ ಕುಳಿತರೆ ಏಳುವ ಮನಸ್ಸಾಗುವುದಿಲ್ಲ. ಇದು ವಯಸ್ಸಿನ ಲಕ್ಷಣವೆಂದು ಮಗ ತಮಾಷೆ ಮಾಡುತ್ತಾನೆ. ಆದರೆ ಒಂದು ದೇಶಕ್ಕೆ ದೇಶವೇ ಹೀಗೆ ಕುಳಿತು ನೋಡಿದ ಉದಾಹರಣೆಯಿರುವಾಗ ಇದನ್ನು ನನ್ನೊಬ್ಬನ ವಯಸ್ಸಿಗೆ ಕಟ್ಟುವುದು ನ್ಯಾಯವಲ್ಲ.

ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಆರ್‌ಕೆ, ಬೆರ್ಗೆನ್ ರೈಲು ಮಾರ್ಗಕ್ಕೆ ನೂರು ವರ್ಷ ತುಂಬಿದ ನೆಪದಲ್ಲಿ, 2009ರ ನವೆಂಬರ್ 27ರಂದು ಬೆರ್ಗೆನ್‌ನಿಂದ ಓಸ್ಲೊವರೆಗಿನ ಪ್ರಯಾಣವನ್ನು ನಿಮಿಷವೂ ಬಿಡದೆ ಪ್ರಸಾರ ಮಾಡಿತು. ಸುಮಾರು ಏಳೂಕಾಲು ಗಂಟೆಯ ಆ ಕಾರ್ಯಕ್ರಮದ ಬಹುಭಾಗ ಎಂಜಿನ್ನಿನ ಮುಂದಿನಿಂದಲೂ ಬೋಗಿಯ ಪಕ್ಕದಿಂದಲೂ ಕಾಣುವ ದೃಶ್ಯಗಳೇ ಆಗಿದ್ದವು. ಆಗ ಐವತ್ತು ಲಕ್ಷವನ್ನೂ ಮುಟ್ಟದಿದ್ದ ಜನಸಂಖ್ಯೆಯ ಆ ದೇಶದಲ್ಲಿ ಸುಮಾರು ಹನ್ನೆರಡು ಲಕ್ಷ ಜನ ಅದರ ಒಂದಿಷ್ಟು ಭಾಗವನ್ನಾದರೂ ನೋಡಿದರು. ಆ ಮಾರ್ಗದಲ್ಲಿ 180ಕ್ಕೂ ಹೆಚ್ಚು ಸುರಂಗಗಳಿವೆ. ಪರದೆ ಕತ್ತಲಾದಾಗಲೆಲ್ಲ ಹಳೆಯ ಚಿತ್ರಗಳನ್ನೂ ಮಾರ್ಗದ ಚರಿತ್ರೆಯನ್ನೂ ತೋರಿಸಿ ಆ ಬಿಡುವನ್ನು ತುಂಬಿಸಿದ್ದರು.

ನನ್ನ ಪ್ರಶ್ನೆ ಇಷ್ಟೆ. ಈ ನೆಮ್ಮದಿ ಎಲ್ಲಿಂದ ಬರುತ್ತದೆ? ಹಿಮ, ಕಣಿವೆ, ಸರೋವರಗಳ ಚೆಲುವೇ ಕಾರಣವೆಂದರೆ ಅದೇ ಚೆಲುವನ್ನು ತೋರಿಸುವ ಪ್ರವಾಸದ ಬೇರೆ ಕಾರ್ಯಕ್ರಮಗಳೂ ಹೀಗೆಯೇ ಹಿಡಿದಿಡಬೇಕಿತ್ತು, ಆದರೆ ಅವು ಹತ್ತು ನಿಮಿಷಕ್ಕೆ ಬೇಸರ ತರಿಸುತ್ತವೆ. ನನ್ನ ಊಹೆ ಬೇರೆಯದು. ರೈಲಿಗೆ ಹಳಿಯಿದೆ, ಅದು ಬಲಕ್ಕೆ ತಿರುಗಬೇಕೋ ಎಡಕ್ಕೆ ತಿರುಗಬೇಕೋ ಎಂಬುದು ಎಂದೋ ತೀರ್ಮಾನವಾಗಿದೆ. ನೋಡುವವರು ಯಾವ ತೀರ್ಮಾನವನ್ನೂ ಮಾಡಬೇಕಾಗಿಲ್ಲ, ಯಾವುದಕ್ಕೂ ಕಾಯಬೇಕಾಗಿಲ್ಲ. ತಿಳಿದವರು ದಯವಿಟ್ಟು ಬರೆಯಬೇಕು.

ಮದ್ದೂರಿನ ಪಾಸುದಾರ

ಸರ್, ತಮ್ಮ ಬರಹವನ್ನು ಮೆಚ್ಚಿದೆ, ಆದರೆ ಒಂದು ತಕರಾರಿದೆ. ದಿನವೂ ಪಾಸು ಹಿಡಿದು ಬೆಂಗಳೂರಿಗೆ ಓಡಾಡುವ ನಮ್ಮಂಥವರಿಗೆ ರೈಲೆಂದರೆ ಮೊದಲು ನೆನಪಾಗುವುದು ಹಿಮವೂ ಅಲ್ಲ, ಕಣಿವೆಯೂ ಅಲ್ಲ. ಬಾಗಿಲ ಪಕ್ಕದಲ್ಲಿ ಚೀಲವನ್ನು ಎದೆಗವುಚಿಕೊಂಡು ನಿಲ್ಲಲು ಸಿಗುವ ಒಂದೂವರೆ ಅಡಿ ಜಾಗ ಮಾತ್ರ. ಆದ್ದರಿಂದ ರೈಲಿನಲ್ಲಿಯೇ ಏನೋ ನೆಮ್ಮದಿಯಿದೆ ಎಂಬ ಮಾತನ್ನು ನಾನು ಒಪ್ಪಲಾರೆ. ನೆಮ್ಮದಿಯಿರುವುದು ಆ ರೈಲಿನಿಂದ ನಮಗೆ ಆಗಬೇಕಾದ ಕೆಲಸವೇನೂ ಇಲ್ಲದಿರುವುದರಲ್ಲಿ. ಟಿ.ವಿ.ಯ ರೈಲು ಒಂದು ಗಂಟೆ ತಡವಾದರೂ ನಮ್ಮ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುವುದಿಲ್ಲ.

ಸ್ವಿಟ್ಜರ್ಲೆಂಡಿನ ಗ್ಲೇಸಿಯರ್ ಎಕ್ಸ್‌ಪ್ರೆಸ್ ಝರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ವರೆಗಿನ 291 ಕಿಲೋಮೀಟರ್ ದೂರವನ್ನು ಕ್ರಮಿಸಲು ಸುಮಾರು ಎಂಟು ಗಂಟೆ ತೆಗೆದುಕೊಳ್ಳುತ್ತದೆ. ನಮ್ಮ ರೈಲು ಆ ವೇಗದಲ್ಲಿ ಓಡಿದರೆ ಎಲ್ಲರೂ ಸಹಿ ಹಾಕಿ ಮನವಿ ಪತ್ರ ಕೊಡುತ್ತೇವೆ. ಅದೇ ವೇಗ ಪರದೆಯ ಮೇಲೆ ಬಂದಾಗ ಮಾತ್ರ ಸೌಂದರ್ಯವಾಗುತ್ತದೆ. ಹೀಗೆ ಹೇಳುತ್ತಲೇ ಭಾನುವಾರ ಮಧ್ಯಾಹ್ನ ನಾನೂ ಅದನ್ನೇ ಹಾಕಿಕೊಂಡು ಕೂರುತ್ತೇನೆಂಬುದನ್ನು ಮುಚ್ಚಿಡುವುದಿಲ್ಲ.

ನಿವೃತ್ತ ಲೋಕೋ ಪೈಲಟ್, ಮೈಸೂರು

ಮಾನ್ಯರೇ, ಎಂಜಿನ್ನಿನ ಮುಂದಿನಿಂದ ಕಾಣುವ ದೃಶ್ಯ ಮನಸ್ಸಿಗೆ ಹಿತವೆಂದು ಬಹಳ ಜನ ಹೇಳುತ್ತಾರೆ. ಅಡುಗೆಭಟ್ಟರಿಗೆ ಮದುವೆ ಮನೆಯ ಊಟ ರುಚಿಸದ ಹಾಗೆ ನನಗೆ ಅದು ಹಿಡಿಸುವುದಿಲ್ಲ. ಪರದೆಯಲ್ಲಿ ದೂರದ ಸಿಗ್ನಲ್ ಕಂಡೊಡನೆ ಬಾಯಿ ತಾನಾಗಿಯೇ ಅದರ ಬಣ್ಣವನ್ನು ಹೇಳಿಬಿಡುತ್ತದೆ. ಕ್ಯಾಬಿನಲ್ಲಿ ಲೋಕೋ ಪೈಲಟ್ಟೂ ಸಹಾಯಕ ಲೋಕೋ ಪೈಲಟ್ಟೂ ಪ್ರತಿಯೊಂದು ಸಿಗ್ನಲ್ಲನ್ನು ನೋಡಿ, ಅದರ ಸ್ಥಿತಿಯನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಕೂಗಿ ಹೇಳಬೇಕೆಂಬ ನಿಯಮವಿದೆ, ಮತ್ತು ಜೀವಮಾನವೆಲ್ಲ ಮಾಡಿದ ಆ ಅಭ್ಯಾಸ ನಿವೃತ್ತಿಯ ಆದೇಶ ಬಂದ ಮಾತ್ರಕ್ಕೆ ಬಿಟ್ಟುಹೋಗುವುದಿಲ್ಲ. ಸೀಟಿ ಹಾಕಬೇಕಾದ ಫಲಕ ಕಂಡರೆ ಕೈ ಮಿಸುಕುತ್ತದೆ. ಲೆವೆಲ್ ಕ್ರಾಸಿಂಗ್ ಬಂದರೆ ಗೇಟಿನ ಆಚೆ ನಿಂತ ದ್ವಿಚಕ್ರ ವಾಹನದವನ ಮೇಲೆಯೇ ಕಣ್ಣು. ಸರಸ್ವತೀಪುರಂ ಓದುಗರು ತೀರ್ಮಾನ ಮಾಡಬೇಕಾಗಿಲ್ಲ ಎಂದು ಬರೆದಿದ್ದಾರೆ. ಹಳಿಯ ಮೇಲೆ ದಿಕ್ಕನ್ನು ನಿರ್ಧರಿಸುವ ಹೊಣೆ ನಮಗಿರುವುದಿಲ್ಲವೆಂಬುದು ಸರಿ, ಆದರೆ ವೇಗ ಮತ್ತು ನಿಲುಗಡೆಯ ಹೊಣೆ ಪೂರ್ತಿಯಾಗಿ ನಮ್ಮದೇ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಐವತ್ತು ಅಡಿಗೆ ಒಂದು ಅಡಿಯಂತೆ ಇಳಿಜಾರಿದೆ, ಪ್ರಯಾಣಿಕರ ಗಾಡಿಯ ವೇಗಕ್ಕೂ ಗಂಟೆಗೆ 30 ಕಿಲೋಮೀಟರಿನ ಮಿತಿಯಿದೆ. ಮಳೆಗಾಲದಲ್ಲಿ ಕಲ್ಲೋ ಮಣ್ಣೋ ಮರವೋ ಹಳಿಯ ಮೇಲೆ ಬಿದ್ದಿರಬಹುದೆಂಬ ಎಚ್ಚರದಲ್ಲಿಯೇ ಪ್ರತಿ ತಿರುವನ್ನೂ ದಾಟಬೇಕು. ಒದ್ದೆ ಹಳಿಯ ಮೇಲೆ ಚಕ್ರ ಜಾರದಂತೆ ಎಂಜಿನ್ನಿನಿಂದ ಮರಳನ್ನು ಬಿಡಬೇಕು. ಪ್ರಯಾಣಿಕರು ಜಲಪಾತ ಕಂಡು ಕೂಗಿದ ಸದ್ದು ಕೇಳಿಸಿದಾಗ ನಾವು ಬ್ರೇಕಿನ ಒತ್ತಡದ ಮುಳ್ಳನ್ನು ನೋಡುತ್ತಿರುತ್ತೇವೆ.

ಆದರೆ ಪಕ್ಕದ ಕಿಟಕಿಯಿಂದ ಚಿತ್ರಿಸಿದ ಕಾರ್ಯಕ್ರಮಗಳನ್ನು ನಾನೂ ಗಂಟೆಗಟ್ಟಲೆ ನೋಡುತ್ತೇನೆ. ಅಲ್ಲಿ ಸಿಗ್ನಲ್ ಕಾಣುವುದಿಲ್ಲವಾದ್ದರಿಂದ ಗಾಡಿ ಬೇರೆಯವರ ಜವಾಬ್ದಾರಿಯಾಗುತ್ತದೆ.

ಮನಃಶಾಸ್ತ್ರ ಪಾಠ ಮಾಡುವವಳು, ಕುವೆಂಪುನಗರ

ಲೋಕೋ ಪೈಲಟ್ ಸರ್ ಬರೆದ ಕೊನೆಯ ವಾಕ್ಯ ನನ್ನ ಕೆಲಸವನ್ನು ಹಗುರ ಮಾಡಿತು. ಅಮೆರಿಕದ ಮನಃಶಾಸ್ತ್ರಜ್ಞರಾದ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1980ರ ದಶಕದಲ್ಲಿ ಗಮನದ ಬಗ್ಗೆ ಒಂದು ಸಿದ್ಧಾಂತವನ್ನು ರೂಪಿಸಿದರು. ಲೆಕ್ಕ ಬರೆಯುವಾಗ, ವಾಹನ ಓಡಿಸುವಾಗ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ನಾವು ಬೇರೆಲ್ಲವನ್ನೂ ಬಲವಂತವಾಗಿ ಪಕ್ಕಕ್ಕಿಟ್ಟು ಒಂದರ ಮೇಲೆ ಗಮನವಿಡುತ್ತೇವೆ, ಮತ್ತು ಈ ಶಕ್ತಿ ದಣಿಯುತ್ತದೆ. ಹರಿಯುವ ನೀರು, ತೂಗುವ ಮರ, ಚಲಿಸುವ ಮೋಡಗಳಂಥವು ನಮ್ಮ ಪ್ರಯತ್ನವಿಲ್ಲದೆಯೇ ಕಣ್ಣನ್ನು ಮೆತ್ತಗೆ ಸೆಳೆದುಕೊಳ್ಳುವುದರಿಂದ ದಣಿದ ಗಮನಕ್ಕೆ ಬಿಡುವು ಸಿಗುತ್ತದೆ ಎಂಬುದು ಅವರ ವಾದದ ಸಾರ. ಮನಸ್ಸು ಆಗ ಖಾಲಿಯಾಗಿರುವುದಿಲ್ಲ, ಅದರ ಹಿನ್ನೆಲೆಯಲ್ಲಿ ಬೇರೆ ಯೋಚನೆಗಳು ಹರಿದಾಡಲು ಜಾಗವಿರುತ್ತದೆ. ಕ್ರಿಕೆಟ್ ಪಂದ್ಯವೂ ಪ್ರಯತ್ನವಿಲ್ಲದೆ ಗಮನ ಸೆಳೆಯುತ್ತದೆಯಾದರೂ ಅದು ಮನಸ್ಸನ್ನು ಪೂರ್ತಿ ಆವರಿಸಿಬಿಡುತ್ತದೆ, ಬೇರೆ ಯೋಚನೆಗೆ ಎಡೆ ಕೊಡುವುದಿಲ್ಲ.

ಇದರ ಜೊತೆಗೆ ಬಹಳ ಉಲ್ಲೇಖಗೊಳ್ಳುವ ಇನ್ನೊಂದು ಅಧ್ಯಯನ ರೋಜರ್ ಉಲ್ರಿಚ್ ಅವರದು, 1984ರಲ್ಲಿ ಪ್ರಕಟವಾಯಿತು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ಕೊಠಡಿಗಳಲ್ಲಿದ್ದ 23 ರೋಗಿಗಳನ್ನು ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದ 23 ರೋಗಿಗಳೊಂದಿಗೆ ಹೋಲಿಸಿದಾಗ, ಮೊದಲಿನವರು ಸ್ವಲ್ಪ ಬೇಗ ಮನೆಗೆ ಹೋದರು ಮತ್ತು ಪ್ರಬಲವಾದ ನೋವುನಿವಾರಕಗಳನ್ನು ಕಡಿಮೆ ತೆಗೆದುಕೊಂಡರು. ಅದು ನಿಜವಾದ ಕಿಟಕಿಯ ವಿಷಯ, ಟಿ.ವಿ.ಯ ವಿಷಯವಲ್ಲ, ಸಂಖ್ಯೆಯೂ ಚಿಕ್ಕದು. ಆದ್ದರಿಂದ ರೈಲಿನ ಕಾರ್ಯಕ್ರಮದಿಂದ ಕಾಯಿಲೆ ವಾಸಿಯಾಗುತ್ತದೆಂದು ಯಾರೂ ಹೊರಡಬಾರದು.

ರೈಲಿಗೇ ವಿಶೇಷವಾದ ಒಂದು ಗುಣವನ್ನು ಹೇಳುತ್ತೇನೆ. ಪಕ್ಕದ ಕಿಟಕಿಯಲ್ಲಿ ಹತ್ತಿರದ ಕಂಬಗಳು ಸರ್ರನೆ ಹಿಂದೆ ಹೋಗುತ್ತವೆ, ನಡುವಿನ ಗದ್ದೆ ನಿಧಾನವಾಗಿ ಸರಿಯುತ್ತದೆ, ದೂರದ ಬೆಟ್ಟ ನಮ್ಮೊಂದಿಗೇ ಬರುವಂತೆ ಕಾಣುತ್ತದೆ. ಒಂದೇ ಚೌಕಟ್ಟಿನಲ್ಲಿ ಮೂರು ವೇಗಗಳಿರುವುದರಿಂದ ಕಣ್ಣು ತನಗೆ ಹಿತವಾದುದನ್ನು ಆರಿಸಿಕೊಳ್ಳುತ್ತದೆ. ಎದುರು ಸೀಟಿನಲ್ಲಿ ಕುಳಿತು ಹೊರಗೆ ನೋಡುವವರ ಕಣ್ಣುಗಳನ್ನು ಒಮ್ಮೆ ಗಮನಿಸಿ. ಪಾಪೆ ಒಂದು ವಸ್ತುವನ್ನು ಹಿಂಬಾಲಿಸಿ ಸಾಗುತ್ತದೆ, ಚಕ್ಕನೆ ಹಿಂದಕ್ಕೆ ಜಿಗಿಯುತ್ತದೆ, ಮತ್ತೆ ಹಿಂಬಾಲಿಸುತ್ತದೆ. ನೋಡುವವರಿಗೆ ಇದರ ಅರಿವೇ ಇರುವುದಿಲ್ಲ. ಟಿ.ವಿ. ಪರದೆ ನಮ್ಮ ದೃಷ್ಟಿಯ ಸಣ್ಣ ಭಾಗವನ್ನಷ್ಟೇ ತುಂಬುವುದರಿಂದ ಈ ಜಿಗಿತ ಅಲ್ಲಿ ಕಡಿಮೆ, ಮನೆಯಲ್ಲಿ ಕುಳಿತು ನೋಡುವುದು ಕಣ್ಣಿಗೆ ಹಗುರವೆನಿಸಲು ಇದೂ ಒಂದು ಕಾರಣವಿರಬಹುದು.

ವಿದ್ಯಾನಗರ, ಮಂಡ್ಯ

ಮೇಡಂ, ತಾವು ಬರೆದದ್ದನ್ನು ಓದಿ ನಮ್ಮ ಮನೆಯ ವಿಷಯ ಹೇಳಬೇಕೆನಿಸಿತು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿರುವ ನಮ್ಮ ಅತ್ತೆಯವರಿಗೆ ಹೊತ್ತು ಹೋಗಲೆಂದು ಮೊದಲು ಧಾರಾವಾಹಿಗಳನ್ನು ಹಾಕುತ್ತಿದ್ದೆವು. ಅದರೊಳಗಿನ ಸೊಸೆಯಂದಿರ ಕುತಂತ್ರಗಳನ್ನು ನೋಡಿ ಅವರು ನನ್ನ ಮೇಲೆ ಸಿಡಿಮಿಡಿಗೊಳ್ಳಲು ಆರಂಭಿಸಿದ ಮೇಲೆ ಅವುಗಳನ್ನು ನಿಲ್ಲಿಸಿದೆ. ಇದನ್ನು ತಮಾಷೆಗೆ ಬರೆಯುತ್ತಿಲ್ಲ.

ಆಮೇಲೆ ಮಗಳು ಒಂದು ರೈಲಿನ ಕಾರ್ಯಕ್ರಮವನ್ನು ಹಾಕಿಕೊಟ್ಟಳು. ಅದರಲ್ಲಿ ಇಂಗ್ಲಿಷ್ ನಿರೂಪಕನೊಬ್ಬ ಕ್ಷಣ ಬಿಡದೆ ಮಾತಾಡುತ್ತಿದ್ದುದರಿಂದ ಅತ್ತೆಯವರಿಗೆ ಅರ್ಥವೂ ಆಗಲಿಲ್ಲ, ಹಿತವೂ ಆಗಲಿಲ್ಲ. ಸದ್ದನ್ನು ಪೂರ್ತಿ ತೆಗೆದರೆ ಟಿ.ವಿ. ಕೆಟ್ಟಿದೆಯೆಂದು ಕರೆಯುತ್ತಿದ್ದರು. ಕೊನೆಗೆ ಮಾತಿಲ್ಲದೆ, ಸಂಗೀತವಿಲ್ಲದೆ, ಗಾಡಿಯ ಸದ್ದು ಮಾತ್ರ ಇರುವ ದೃಶ್ಯಗಳು ದೊರೆತವು. ಈಗ ಅವರು ಹೊಲಗಳನ್ನು ಗುರುತಿಸುತ್ತಾ ಮಲಗಿರುತ್ತಾರೆ. ಎಲ್ಲಿಯೋ ಯೂರೋಪಿನ ಹಸಿರು ಬಯಲು ಬಂದರೆ ಅದು ಬೆಳೆಯೋ ಬರಿಯ ಹುಲ್ಲೋ ಎಂದು ನನ್ನನ್ನು ಕೇಳುತ್ತಾರೆ, ನನಗೆ ಗೊತ್ತಿಲ್ಲವೆಂದರೆ ಅವರೇ ತೀರ್ಪು ಕೊಡುತ್ತಾರೆ. ನಾರ್ವೆಯ ಹಿಮದ ಪ್ರದೇಶವನ್ನು ನೋಡಿದಾಗ, "ಇಷ್ಟೊಂದ್ ಮಂಜ್ನಲ್ಲಿ ದನಕ್ಕೆ ಮೇವು ಎಲ್ಲಿಂದ ತತ್ತಾರವ್ವ?" ಎಂದು ಕೇಳಿ, ಉತ್ತರ ಬಾರದಿದ್ದರೂ ಬೇಸರಿಸಿಕೊಳ್ಳದೆ ನೋಡುತ್ತಲೇ ಇದ್ದರು. ಔಷಧಿಯ ಹೊತ್ತಾಯಿತೆಂದು ನಿಲ್ಲಿಸಿದರೆ, ನಾಳೆ ಮುಂದಿನದನ್ನು ಹಾಕೆಂದು ಕೇಳುವುದೂ ಇಲ್ಲ. ಎಲ್ಲಿಂದ ಹಾಕಿದರೂ ಅವರಿಗೆ ಸರಿಯೇ.

ತೊಂದರೆಯೆಂದರೆ ನಡುನಡುವೆ ಬರುವ ಜಾಹೀರಾತುಗಳು. ಗಾಡಿಯ ಮೆಲುಸದ್ದಿನ ನಡುವೆ ಇದ್ದಕ್ಕಿದ್ದಂತೆ ಸೋಪಿನ ಜಾಹೀರಾತು ಅರಚಿದಾಗ ಅವರು ಬೆಚ್ಚಿಬೀಳುತ್ತಾರೆ. ಯಾರಾದರೂ ಪರಿಹಾರ ತಿಳಿಸಿದರೆ ಉಪಕಾರವಾಗುತ್ತದೆ.

ಸರಸ್ವತೀಪುರಂ ಓದುಗ, ಮೈಸೂರು

ಅಮ್ಮ, ಮುಂಚೆಯೇ ಪೆನ್ ಡ್ರೈವಿಗೆ ಹಾಕಿಟ್ಟುಕೊಂಡು ಟಿ.ವಿ.ಗೆ ನೇರವಾಗಿ ಸಿಕ್ಕಿಸಿದರೆ ಜಾಹೀರಾತಿನ ಕಾಟವಿರುವುದಿಲ್ಲ. ಬೆರ್ಗೆನ್ ಮಾರ್ಗದ ಮುಂಭಾಗದ ಕ್ಯಾಮೆರಾದ ದೃಶ್ಯವನ್ನು ಎನ್‌ಆರ್‌ಕೆ ಸಂಸ್ಥೆಯೇ ಸಾರ್ವಜನಿಕರು ಇಳಿಸಿಕೊಂಡು ಬಳಸಲು ಮುಕ್ತವಾಗಿ ಕೊಟ್ಟಿತ್ತು. ಅತ್ತೆಯವರು ಎಲ್ಲಿಂದ ಹಾಕಿದರೂ ಒಪ್ಪುತ್ತಾರೆ ಎಂದಿರಲ್ಲ, ನಾನು ಕೇಳಿದ ಪ್ರಶ್ನೆಗೆ ಇಲ್ಲಿಯವರೆಗೆ ಬಂದ ಉತ್ತರಗಳಲ್ಲಿ ಅದು ನನಗೆ ಬಹಳ ಮುಖ್ಯವೆನಿಸಿತು.

ಯಾದವಗಿರಿಯ ಇತಿಹಾಸಪ್ರಿಯ

ನಿರೂಪಕರನ್ನೆಲ್ಲ ಒಂದೇ ಏಟಿಗೆ ಹೊರಗೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಬಿಬಿಸಿಗಾಗಿ ಮೈಕೆಲ್ ಪೋರ್ಟಿಲೊ 2010ರಿಂದ ನಡೆಸಿಕೊಟ್ಟ ಬ್ರಿಟನ್ನಿನ ರೈಲು ಪ್ರಯಾಣಗಳ ಸರಣಿಯಲ್ಲಿ ಅವರ ಕೈಯಲ್ಲಿ ವಿಕ್ಟೋರಿಯಾ ಕಾಲದ ಬ್ರಾಡ್‌ಶಾ ಮಾರ್ಗದರ್ಶಿ ಪುಸ್ತಕವಿರುತ್ತದೆ. ಅದು ಅಂದು ಏನು ಹೇಳಿತ್ತು, ಇಂದು ಏನು ಉಳಿದಿದೆ ಎಂದು ಅವರು ಹೋಲಿಸುತ್ತಾ ಹೋಗುವಾಗ ಬರಿಯ ಕಿಟಕಿ ಎಂದಿಗೂ ಹೇಳಲಾರದ ಸಂಗತಿಗಳು ತಿಳಿಯುತ್ತವೆ. ನಮ್ಮಲ್ಲಿಯೂ 1986ರಲ್ಲಿ ದೂರದರ್ಶನಕ್ಕಾಗಿ ಶ್ಯಾಮ್ ಬೆನಗಲ್ ಅವರು ಹಿಮಸಾಗರ್ ಎಕ್ಸ್‌ಪ್ರೆಸ್ಸಿನ ಪ್ರಯಾಣವನ್ನೇ ಆಧರಿಸಿ 'ಯಾತ್ರಾ' ಎಂಬ ಧಾರಾವಾಹಿ ಮಾಡಿದ್ದರು. ಕನ್ಯಾಕುಮಾರಿಯಿಂದ ಜಮ್ಮುವಿನವರೆಗೆ ದೇಶ ಬದಲಾಗುವುದನ್ನು ಅದು ಜನರ ಮೂಲಕ ತೋರಿಸಿತು.

ನಮಗೆ ಹತ್ತಿರದ ನೀಲಗಿರಿ ಬೆಟ್ಟದ ರೈಲಿನ ಉದಾಹರಣೆಯನ್ನೂ ಕೊಡುತ್ತೇನೆ. ಮೆಟ್ಟುಪಾಳ್ಯಂನಿಂದ ಉದಕಮಂಡಲಕ್ಕೆ 46 ಕಿಲೋಮೀಟರ್. ಕಲ್ಲಾರ್ ಮತ್ತು ಕೂನೂರುಗಳ ನಡುವೆ ಹನ್ನೆರಡು ಅಡಿಗೆ ಒಂದು ಅಡಿಗೆ ಸಮೀಪದ ಏರು. ಹಳಿಗಳ ನಡುವೆ ಕೂರಿಸಿರುವ ಹಲ್ಲಿನ ಪಟ್ಟಿಗೆ ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಹತ್ತದಿದ್ದರೆ ಅಲ್ಲಿ ಗಾಡಿ ನಿಲ್ಲುವುದೂ ಕಷ್ಟ. ಆ ಹಲ್ಲಿನ ಪಟ್ಟಿಯನ್ನು ತೋರಿಸಿ ವಿವರಿಸುವವರಿಲ್ಲದಿದ್ದರೆ ನೋಡುವವರಿಗೆ ಕಾಣುವುದು ಟೀ ತೋಟ ಮತ್ತು ಹೊಗೆ ಮಾತ್ರ. 1881ರ ಡಾರ್ಜಿಲಿಂಗ್ ಮಾರ್ಗ, 1903ರ ಕಾಲ್ಕಾ–ಶಿಮ್ಲಾ ಮಾರ್ಗ ಮತ್ತು ಈ ನೀಲಗಿರಿ ಮಾರ್ಗ ಮೂರೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿರುವುದು ಟೀ ತೋಟದ ಚೆಲುವಿಗಲ್ಲ, ಎಂಜಿನಿಯರಿಂಗ್ ಸಾಹಸಕ್ಕೆ.

ಸರಸ್ವತೀಪುರಂ ಓದುಗ, ಮೈಸೂರು

ಒಪ್ಪುತ್ತೇನೆ, ಆದರೆ ಅದು ಕಲಿಕೆ. ಬೆಳಿಗ್ಗೆ ನೋಡಬೇಕಾದ ಕಾರ್ಯಕ್ರಮವದು. ನಿರೂಪಕರಿರುವ ಎಷ್ಟೋ ಸರಣಿಗಳಲ್ಲಿ ಕಲಿಕೆಯೂ ಇರುವುದಿಲ್ಲವೆಂಬುದು ನನ್ನ ನಿಜವಾದ ದೂರು. ಗಾಡಿ ಹೊರಡುವುದಕ್ಕೆ ಐದೇ ನಿಮಿಷವಿದೆ, ನಮ್ಮ ಚಾಲಕ ಸಮಯಕ್ಕೆ ತಲುಪುವನೇ ಎಂದು ಭಯಾನಕ ಸಂಗೀತ ಹಾಕಿ ಕೇಳುತ್ತಾರೆ. ದಿನವೂ ಹೊರಡುವ ಗಾಡಿ ಇಂದೂ ಹೊರಡುತ್ತದೆಂದು ಮಗುವಿಗೂ ಗೊತ್ತು. ಇಲ್ಲದ ಆತಂಕವನ್ನು ಹುಟ್ಟಿಸುವುದಾದರೆ ರೈಲನ್ನೇ ಏಕೆ ತೋರಿಸಬೇಕು?

ಘಾಟಿಯ ಕ್ಯಾಮೆರಾ, ಹೆಬ್ಬಾಳ, ಮೈಸೂರು

ನಾನು ಬಿಡುವಿನಲ್ಲಿ ರೈಲಿನ ದೃಶ್ಯಗಳನ್ನು ಚಿತ್ರಿಸುವವನಾದ್ದರಿಂದ ತೆರೆಯ ಹಿಂದಿನ ಮಾತನ್ನು ಸ್ವಲ್ಪ ಬರೆಯುತ್ತೇನೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಹಾಸನ–ಮಂಗಳೂರು ಮಾರ್ಗ ಮೀಟರ್ ಗೇಜಾಗಿ 1979ರಲ್ಲಿ ತೆರೆದು, ಬ್ರಾಡ್ ಗೇಜಿಗೆ ಬದಲಾಯಿಸಲೆಂದು 1996ರಲ್ಲಿ ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ದೊರೆತದ್ದು 2007ರ ಡಿಸೆಂಬರಿನಲ್ಲಿ. 2021ರ ಜುಲೈಯಿಂದ ಯಶವಂತಪುರ–ಮಂಗಳೂರು ಗಾಡಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳೂ ಸೇರಿವೆ.

ಇಲ್ಲಿ ಚಿತ್ರಿಸುವವರಿಗೆ ಮೊದಲ ಶತ್ರು ಗಾಜು. ಬೋಗಿಯೊಳಗಿನ ದೀಪ, ಎದುರಿನವರ ಅಂಗಿ, ನನ್ನದೇ ಕೈ ಎಲ್ಲವೂ ಗಾಜಿನಲ್ಲಿ ಪ್ರತಿಫಲಿಸಿ ಕಾಡಿನ ಮೇಲೆ ತೇಲಾಡುತ್ತವೆ. ಲೆನ್ಸನ್ನು ಗಾಜಿಗೆ ಒತ್ತಿಟ್ಟು ಸುತ್ತಲೂ ಕಪ್ಪು ಬಟ್ಟೆ ಸುತ್ತಿದರೆ ಮಾತ್ರ ಹೊರಗಿನದು ಹೊರಗಿನಂತೆ ಬರುತ್ತದೆ. ಪೂರ್ತಿ ಒತ್ತಿದರೆ ಬೋಗಿಯ ನಡುಕವೆಲ್ಲ ಚಿತ್ರಕ್ಕೆ ಇಳಿಯುವುದರಿಂದ ನಡುವೆ ಮೆತ್ತನೆಯ ಸ್ಪಂಜು ಇಡಬೇಕು. ಎರಡನೆಯ ಶತ್ರು ಸುರಂಗದ ಬಾಯಿ. ಕತ್ತಲಲ್ಲಿ ಕ್ಯಾಮೆರಾ ತಾನಾಗಿಯೇ ಕಣ್ಣನ್ನು ಅಗಲಿಸಿಕೊಳ್ಳುತ್ತದೆ, ಹೊರಗೆ ಬಂದೊಡನೆ ಇಡೀ ಪರದೆ ಬೆಳ್ಳಗಾಗಿ, ಆಮೇಲೆ ಕಾಡು ನಿಧಾನವಾಗಿ ಮೂಡುತ್ತದೆ. ಅಷ್ಟರಲ್ಲಿ ಮುಂದಿನ ಸುರಂಗ ಬಂದಿರುತ್ತದೆ. ಆದ್ದರಿಂದ ಎಕ್ಸ್‌ಪೋಷರನ್ನು ಹೊರಗಿನ ಬೆಳಕಿಗೆ ಹೊಂದಿಸಿ ಬಿಗಿದುಬಿಡಬೇಕು, ಸುರಂಗ ಪೂರ್ತಿ ಕಪ್ಪಾದರೆ ಆಗಲಿ. ನಾರ್ವೆಯವರು ಸುರಂಗಗಳನ್ನು ಹಳೆಯ ಚಿತ್ರಗಳಿಂದ ತುಂಬಿಸಿದರೆಂದು ಬರೆದಿದ್ದೀರಿ. ನಾನು ಕತ್ತಲನ್ನೂ ಅದರ ಮೊರೆತವನ್ನೂ ಹಾಗೆಯೇ ಬಿಡುತ್ತೇನೆ.

ಮಳೆಗಾಲದ ಘಾಟಿಯನ್ನು ಟಿ.ವಿ.ಯಲ್ಲಿ ನೋಡಿದವರು ಎಲೆಗಳೆಲ್ಲ ಚೌಕ ಚೌಕವಾಗಿ ಕಲಸಿಹೋಗಿವೆ ಎಂದು ದೂರುತ್ತಾರೆ. ಅದಕ್ಕೆ ಕಾರಣ ಕ್ಯಾಮೆರಾ ಅಲ್ಲ. ವಿಡಿಯೋವನ್ನು ಚಿಕ್ಕದು ಮಾಡುವ ತಂತ್ರಾಂಶ ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಉಳಿಸಿಕೊಳ್ಳಲು ನೋಡುತ್ತದೆ, ಸಾವಿರಾರು ಎಲೆಗಳು ಒಟ್ಟಿಗೆ ಚಲಿಸಿದಾಗ ಎಲ್ಲವೂ ವ್ಯತ್ಯಾಸವೇ ಆಗಿ ಅದು ಸೋಲುತ್ತದೆ. ಹಿಮದ ಬಯಲು ಅದಕ್ಕೆ ಸುಲಭ, ಪಶ್ಚಿಮಘಟ್ಟ ಕಷ್ಟ.

ಒಂದು ಎಚ್ಚರಿಕೆ. ಹಳಿಯ ಮೇಲೆ ನಡೆದು ಇದೇ ಘಾಟಿಯ ನಡುವಿನ ಎಡಕುಮೇರಿಯ ಸೇತುವೆಗಳನ್ನು ಚಿತ್ರಿಸುವುದು ಹೇಗೆಂದು ಹುಡುಗರು ನನ್ನನ್ನು ಕೇಳುತ್ತಿರುತ್ತಾರೆ. ಅದು 1989ರ ರೈಲ್ವೆ ಕಾಯಿದೆಯ 147ನೆಯ ವಿಧಿಯಂತೆ ಅಕ್ರಮ ಪ್ರವೇಶ, ಆರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಸುರಂಗದೊಳಗೆ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲವೆಂಬುದು ಕಾಯಿದೆಗಿಂತ ದೊಡ್ಡ ಮಾತು.

ನಿವೃತ್ತ ಲೋಕೋ ಪೈಲಟ್, ಮೈಸೂರು

ಆ ಎಚ್ಚರಿಕೆಯನ್ನು ಬರೆದದ್ದಕ್ಕೆ ಧನ್ಯವಾದ. ಇಳಿಜಾರಿನಲ್ಲಿ ಮನುಷ್ಯ ಕಂಡ ಮೇಲೆ ಬ್ರೇಕ್ ಹಾಕಿ ಪ್ರಯೋಜನವಿಲ್ಲದ ಸ್ಥಳಗಳು ಅಲ್ಲಿ ಬಹಳ ಇವೆ.

ಸದ್ದಿನ ಬಗ್ಗೆ ಒಂದು ಮಾತು. ಮಂಡ್ಯದ ಅಮ್ಮನವರಿಗೆ ಗಾಡಿಯ ಸದ್ದೇ ಹಿತವೆಂದು ಅವರ ಸೊಸೆ ಬರೆದಿದ್ದಾರೆ. ಅವರ ಕಾಲದ ಸದ್ದು ಬೇರೆಯಾಗಿತ್ತು. ಆಗ ಹಳಿಗಳು 13 ಮೀಟರ್ ಉದ್ದದ ತುಂಡುಗಳಾಗಿ, ತುದಿಗಳಲ್ಲಿ ಫಿಶ್‌ಪ್ಲೇಟೆಂಬ ಲೋಹದ ಪಟ್ಟಿಯಿಂದ ಬಿಗಿದಿರುತ್ತಿದ್ದವು. ಬಿಸಿಲಿಗೆ ಹಿಗ್ಗಲೆಂದು ಬಿಟ್ಟ ಸಂದಿನ ಮೇಲೆ ಚಕ್ರ ಹಾದಾಗಲೆಲ್ಲ ಟಕ್ ಎನ್ನುತ್ತಿತ್ತು. ಲೆಕ್ಕ ಹಾಕಿದರೆ, ಗಂಟೆಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಒಂದು ಸಂದನ್ನು ದಾಟುತ್ತದೆ. ಪ್ರತಿ ಬೋಗಿಯ ಎರಡೂ ತುದಿಗಳಲ್ಲಿ ಎರಡೆರಡು ಜೊತೆ ಚಕ್ರಗಳಿರುವುದರಿಂದ ಸದ್ದು ಟಕಟಕ, ಟಕಟಕ ಎಂದು ಜೋಡಿಯಾಗಿ ಬರುತ್ತಿತ್ತು. ಕೈಗಡಿಯಾರ ಹಿಡಿದು ಈ ಸದ್ದನ್ನು ಎಣಿಸಿ ವೇಗ ಹೇಳುವ ಹಿರಿಯರು ನಮ್ಮಲ್ಲಿದ್ದರು. ಈಗ ಹಳಿಗಳನ್ನು ಬೆಸೆದು ಉದ್ದಕ್ಕೂ ಒಂದೇ ಮಾಡಿರುವುದರಿಂದ ಮುಖ್ಯ ಮಾರ್ಗಗಳಲ್ಲಿ ಒಂದೇ ಸಮನೆಯ ಗುಂಯ್‌ಗುಡುವಿಕೆ ಉಳಿದಿದೆ, ಸ್ಟೇಷನ್ನುಗಳಲ್ಲಿ ಹಳಿ ಕವಲೊಡೆಯುವ ಪಾಯಿಂಟುಗಳ ಮೇಲೆ ಹಾದಾಗ ಮಾತ್ರ ಹಳೆಯ ಸದ್ದು ಕೇಳುತ್ತದೆ. ಕೆಲವು ಕಾರ್ಯಕ್ರಮಗಳಲ್ಲಿ ಬೆಸೆದ ಹಳಿಯ ಚಿತ್ರಕ್ಕೆ ಹಳೆಯ ಟಕಟಕವನ್ನು ಅಂಟಿಸಿರುವುದನ್ನು ನನ್ನ ಕಿವಿ ಕೂಡಲೇ ಹಿಡಿಯುತ್ತದೆ. ಕೇಳುವವರಿಗೆ ಹಿತವೆನಿಸಿದರೆ ನನ್ನದೇನೂ ಆಕ್ಷೇಪವಿಲ್ಲ.

ಮದ್ದೂರಿನ ಪಾಸುದಾರ

ಒಂದು ಸಣ್ಣ ಸಂದೇಹ. ಇದನ್ನು ಹಾಕಿಕೊಂಡೇ ನಿದ್ದೆ ಹೋಗುವ ಅಭ್ಯಾಸ ಒಳ್ಳೆಯದೇ?

ಮನಃಶಾಸ್ತ್ರ ಪಾಠ ಮಾಡುವವಳು, ಕುವೆಂಪುನಗರ

ಜರ್ಮನಿಯ ಎಆರ್‌ಡಿ ವಾಹಿನಿ 1990ರ ದಶಕದಿಂದ ವರ್ಷಗಟ್ಟಲೆ ನಡುರಾತ್ರಿಯ ಖಾಲಿ ಹೊತ್ತಿನಲ್ಲಿ ಚಾಲಕನ ಕ್ಯಾಬಿನಿಂದ ಚಿತ್ರಿಸಿದ ರೈಲು ಮಾರ್ಗಗಳನ್ನೇ ಪ್ರಸಾರ ಮಾಡುತ್ತಿತ್ತು, ಹಾಗಾಗಿ ತಾವು ಒಬ್ಬರೇ ಅಲ್ಲ. ಆದರೆ ಕಣ್ಣಿಗೆ ಬೆಳಕು ಬೀಳುತ್ತಿದ್ದರೆ ನಿದ್ದೆ ಹಗುರವಾಗುತ್ತದೆ. ಹೊಳಪನ್ನು ತಗ್ಗಿಸಿ, ಅರ್ಧ ಗಂಟೆಗೆ ತಾನಾಗಿ ಆರಿಹೋಗುವಂತೆ ಟೈಮರ್ ಇಡುವುದು ಲೇಸು.

ಯಾದವಗಿರಿಯ ಇತಿಹಾಸಪ್ರಿಯ

ನಿಧಾನವೇ ಬೇಕೆನ್ನುವವರಿಗೆ ನಮ್ಮ ಸುತ್ತಲಿನ ಮಾರ್ಗಗಳು ಏಕೆ ನೆನಪಾಗುತ್ತಿಲ್ಲ? ಮೈಸೂರಿನಿಂದ ಚಾಮರಾಜನಗರಕ್ಕೆ 61 ಕಿಲೋಮೀಟರ್. ಕಡಕೊಳ ದಾಟಿದ ಮೇಲೆ ಕಪಿಲೆ, ನಂಜನಗೂಡಿನ ಗೋಪುರ, 1735ರಲ್ಲಿ ಕಟ್ಟಿದ ಹಳೆಯ ಕಲ್ಲು ಸೇತುವೆ. ಮೀಟರ್ ಗೇಜಿನ ಕಾಲದಲ್ಲಿ ರೈಲೂ ರಸ್ತೆಯ ವಾಹನಗಳೂ ಅದರ ಮೇಲೆಯೇ ಓಡಾಡುತ್ತಿದ್ದವು. ಆಮೇಲೆ ಕವಲಂದೆ, ಬದನಗುಪ್ಪೆ. ಕಣಿವೆಯಿಲ್ಲ, ಹಿಮವಿಲ್ಲ, ಹುರುಳಿ, ರಾಗಿ, ಬಾಳೆ, ಕೆರೆ ಏರಿಗಳಷ್ಟೇ. ಅದನ್ನು ಕತ್ತರಿಸದೆ ಯಾರಾದರೂ ತೋರಿಸಿದರೆ ನಾನು ಮಾತಿಲ್ಲದೆ ನೋಡಲು ಸಿದ್ಧನಿದ್ದೇನೆ.

ಮದ್ದೂರಿನ ಪಾಸುದಾರ

ಹಾಗಾದರೆ ಶ್ರೀರಂಗಪಟ್ಟಣವನ್ನು ಬಿಡಬೇಡಿ. ಅಲ್ಲಿ ಗಾಡಿ ಕಾವೇರಿಯ ಎರಡು ಕವಲುಗಳನ್ನು ದಾಟುತ್ತದೆ, ನಡುವೆ ಕೋಟೆ. ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಸಿಡಿಮದ್ದಿನ ಮನೆಯನ್ನು ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ 2017ರಲ್ಲಿ ಸರಿಸಿದ್ದು ಅಲ್ಲಿಯೇ. ನಿತ್ಯ ಹಾದುಹೋಗುವ ನಮ್ಮವರಲ್ಲಿ ಎಷ್ಟೋ ಜನ ಆ ಹೊತ್ತಿಗೆ ಮೊಬೈಲಿನಲ್ಲಿ ಸ್ವಿಟ್ಜರ್ಲೆಂಡ್ ನೋಡುತ್ತಿರುತ್ತಾರೆ ಎಂಬುದನ್ನೂ ದಾಖಲಿಸುತ್ತೇನೆ.

ಘಾಟಿಯ ಕ್ಯಾಮೆರಾ, ಹೆಬ್ಬಾಳ, ಮೈಸೂರು

ಚಾಮರಾಜನಗರದ ಮಾರ್ಗವನ್ನು ನಾನು ಚಿತ್ರಿಸಿಕೊಡುತ್ತೇನೆ. ಸುಗ್ಗಿಗೆ ಮುಂಚೆ, ಹೊಲಗಳು ಬರಿದಾಗದಿರುವಾಗ, ಬೆಳಗಿನ ಗಾಡಿಯಲ್ಲಿ ಹೋಗುವುದು ಸರಿಯೆನಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಣ್ಣಗಳೆಲ್ಲ ಬಿಳಿಚಿಕೊಳ್ಳುತ್ತವೆ. ಒಂದೇ ಹಳಿಯ ಮಾರ್ಗವಾದ್ದರಿಂದ ಎದುರಿನ ಗಾಡಿಗಾಗಿ ಕ್ರಾಸಿಂಗಿನಲ್ಲಿ ನಿಲ್ಲಬೇಕಾಗಬಹುದು. ಆ ನಿಲುಗಡೆಗಳನ್ನು ಕತ್ತರಿಸಿ ಹಾಕಲೇ, ಇಡಲೇ ಎಂದು ತಿಳಿಸಿ. ಸ್ಟೇಷನ್ನುಗಳ ಹೆಸರನ್ನು ಕನ್ನಡದಲ್ಲಿ ಕೆಳಗೆ ಬರೆಯುತ್ತೇನೆ, ಬೇರೇನೂ ಸೇರಿಸುವುದಿಲ್ಲ.

ವಿದ್ಯಾನಗರ, ಮಂಡ್ಯ

ನಮ್ಮ ಅತ್ತೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗಾಡಿ ನಿಂತಷ್ಟು ಹೊತ್ತೂ ತೋರಿಸಬೇಕಂತೆ, ಯಾರು ಹತ್ತಿದರು, ಯಾರು ಇಳಿದರು ಎಂದು ಅವರು ನೋಡಬೇಕಂತೆ. ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ, ಅವರ ಕನ್ನಡಕ ಹಳೆಯದು.